ಸಂಘದ ಹಿತೈಷಿ

ಗ್ಯಾರೇಜಿನ ಮೇಸ್ತ್ರಿಯ ಗುಂಗುರು ಕೂದಲಿನಲ್ಲಿ ಸದಾ ಒಂದು ಪೆನ್ಸಿಲ್ ಸಿಕ್ಕಿಕೊಂಡಿರುತ್ತಿತ್ತು. ಕಾರಿನಡಿ ಅಂಗಾತ ಮಲಗಿ ಎದ್ದರೂ ಬೀಳುತ್ತಿರಲಿಲ್ಲ. ಮಸ್ಕತ್ತಿನ ವಾದಿ ಕಬೀರ್ ಬಡಾವಣೆಯ ಆ ಗ್ಯಾರೇಜಿಗೆ ಮೊದಲ ಸಲ ಹೋದಾಗ, ಹೆಂಡತಿಯೊಡನೆ ಫೋನಿನಲ್ಲಿ ಮಾತು ಮುಗಿಸಿ, ಮೇಸ್ತ್ರಿಯ ಮುಖ ನೋಡಿ ಇವರು ಆಫ್ರಿಕಾದ ಜಂಜಿಬಾರ್ ಮೂಲದ ಒಮಾನಿಯೆಂದು ಬಗೆದು ಮುರುಕು ಅರಬ್ಬಿಯಲ್ಲಿ ಬ್ರೇಕಿನ ಕಷ್ಟ ತೋಡಿಕೊಂಡೆ. ಪೂರ್ತಿ ಕೇಳಿಸಿಕೊಂಡು, "ಫೋನಿನ್ಯಾಗ ಮಾತಾಡಿದ ಕನ್ನಡದಾಗೇ ಹೇಳ್ರಿ ಸರ್, ಬ್ರೇಕಿಗೂ ತಿಳೀಲಿ" ಎಂದರು. ಯಲ್ಲಾಪುರದ ಸಿದ್ದಿ ಅವರು. ಅವರ ಹಿರಿಯರನ್ನು ನೂರಾರು ವರ್ಷಗಳ ಹಿಂದೆ ಆಫ್ರಿಕಾದಿಂದ ಗುಲಾಮರಾಗಿ ಹಡಗಿನಲ್ಲಿ ತಂದಿದ್ದರು.

ಊರಿನ ಪ್ರತಿ ಚುನಾವಣೆಗೂ ಸಂಬಳವಿಲ್ಲದ ರಜೆ ಹಾಕಿ ಹೋಗಿಬರುತ್ತಿದ್ದರು. "ಮತ ಅಂದ್ರ ಹಾಜರಿ ಸರ್. ನಾವೂ ಇದೀವಿ ಅಂತ ಹೇಳೂದು."

ಆ ವರ್ಷವೇ ನಾವು ಹತ್ತಾರು ಮಂದಿ ಮಸ್ಕತ್ತಿನಲ್ಲಿ ಸಂಘ ಕಟ್ಟಿದೆವು. ಅಧ್ಯಕ್ಷರ ಬಾಯಲ್ಲಿ ಅದು 'ಮರಳಿನ ಮೇಲೊಂದು ಹೊಸ ಕನ್ನಡ ನಾಡು'. ನಾಡು ಕಟ್ಟಿದ ಮಹಾಶಯರಿಗೆ ಹತ್ತಿದ ಮೊದಲ ಚಿಂತೆ, ಯಾರಿಗೆ ಮತದ ಹಕ್ಕು ಕೊಡಬಾರದು ಎಂಬುದು. ಮೇಸ್ತ್ರಿಯ ಅರ್ಜಿ ಕಂಡು ಅಧ್ಯಕ್ಷರು ಮೂಗು ಮುರಿದರು. "ಪಾಪದ ಜನ ಮಾರಾಯ್ರೆ, ಇಲ್ಲ ಅಂತ ಅಲ್ಲ. ಆದ್ರೆ ಆ ಮುಖ ನೋಡಿದ್ರೆ ನಮ್ಮವರು ಅಂತ ಯಾರಾದ್ರೂ ಹೇಳ್ತಾರಾ?"

ಸಭೆಯಲ್ಲಿ ಕೈಗಳೆದ್ದವು, ಕೂಡಲೇ ನಿಯಮ ಹುಟ್ಟಿತು: ಮತದ ಹಕ್ಕು 'ಮೂಲ ಕನ್ನಡಿಗ'ರಿಗೆ, ಉಳಿದವರು ಹಿತೈಷಿಗಳು. ಹಿತೈಷಿ ಕುರ್ಚಿ ಹೊರಬಹುದು, ಊಟ ಬಡಿಸಬಹುದು, ಸಭೆಯಲ್ಲಿ ಬಾಯಿ ಬಿಡುವಂತಿಲ್ಲ. ಕನ್ನಡದಲ್ಲಿ ಒಂದು ಲೋಟ ನೀರು ಕೇಳಲೂ ಬಾರದ ಅಧ್ಯಕ್ಷರ ಮಗಳು ಮೂಲ ಕನ್ನಡತಿಯಾದಳು. ಆ ಹೊತ್ತಿಗೆ ಅಧ್ಯಕ್ಷರ ಕಾರು ಮೇಸ್ತ್ರಿಯ ಕೈಯಲ್ಲೇ ರಿಪೇರಿಯಾಗುತ್ತಿತ್ತು. ನಾಚಿಕೆ ಎಂಬುದು ಇವರ ಕಡೆ ತಲೆ ಹಾಕಿಯೂ ಮಲಗಿರಲಿಲ್ಲ.

ಸುದ್ದಿ ತಿಳಿಸಲು ನನ್ನನ್ನೇ ಅಟ್ಟಿದರು. ಮೇಸ್ತ್ರಿ ಕೈ ಒರೆಸಿಕೊಂಡು ಹೇಳಿದರು: "ನೂರಾರು ವರ್ಷ ಸಾಲಲಿಲ್ಲೇನ್ರಿ? ಇನ್ನ ಎಷ್ಟು ಬೇಕಂತ ಕೇಳಿ ಬರ್ರಿ, ಮೊಮ್ಮಕ್ಕಳಿಗೆ ಹೇಳಿ ಹೋಗ್ತೀನಿ." ಆಮೇಲೆ ಮೆಲ್ಲಗೆ, "ನೀವೂ ಕೈ ಎತ್ತಿದ್ರೇನು?"

ಎತ್ತಲಿಲ್ಲ ಎಂದೆ. ಎತ್ತಿದ್ದೆ. ಅವರು ನಂಬಿದರು, ಚಹಾ ತರಿಸಿದರು.

ಕಳೆದ ವರ್ಷ ಕೆಲಸದ ನಡುವೆಯೇ ಎದೆನೋವು ಬಂದು ತೀರಿಕೊಂಡರು. ಸಂಘ ಅವಸರದಲ್ಲಿ ಸಂತಾಪ ಸೂಚನೆ ಹೊರಡಿಸಿತು: 'ನಮ್ಮ ಹೆಮ್ಮೆಯ ಸದಸ್ಯರು'. ಸತ್ತವರು ಮತದ ಹಕ್ಕು ಕೇಳುವುದಿಲ್ಲವಲ್ಲ, ಸದಸ್ಯತ್ವ ಸಲೀಸಾಗಿ ಸಿಕ್ಕಿತು. ಅದನ್ನು ಸಭೆಯಲ್ಲಿ ಓದುವ ಕೆಲಸ ನನಗೆ ಬಂತು. ಆ ಮಾತಿನ ಬಳಿ ನಿಲ್ಲಿಸಿ ನಿಜ ಹೇಳಬಹುದಿತ್ತು. ಒಂದಕ್ಷರ ಬಿಡದೆ ಓದಿ ಮುಗಿಸಿ, ಎಲ್ಲರ ಜೊತೆ ಒಂದು ನಿಮಿಷ ತಲೆ ತಗ್ಗಿಸಿ ನಿಂತೆ.