ಬಲಗಡೆಯ ಜೇಬು

ನಮ್ಮ ಮನೆಯಲ್ಲಿ ಎಲ್ಲರಿಗೂ ಕೋಪ ಮೂಗಿನ ತುದಿಯಲ್ಲೇ. ನನ್ನ ಕೋಪವೆಲ್ಲ ಆ ವರ್ಷ ನೆಗೆಟಿವ್‌ಗಳನ್ನು ಕಂಪ್ಯೂಟರಿಗೆ ಇಳಿಸುವ ಒಂದು ಹಳೇ ಫಿಲ್ಮ್ ಸ್ಕ್ಯಾನರಿನ ಮೇಲಿತ್ತು. ತಯಾರಿಸಿದ ಕಂಪನಿ ಅದರ ಕೈಬಿಟ್ಟು ಎಷ್ಟೋ ಕಾಲವಾಗಿತ್ತು. ಈಗಿನ ಕಂಪ್ಯೂಟರಿಗೆ ಸಿಕ್ಕಿಸಿದರೆ ಉಸಿರೇ ಇಲ್ಲ. ಅದನ್ನು ಲಿನಕ್ಸಿನಲ್ಲಿ ಓಡಿಸುವ ಡ್ರೈವರ್ ಪ್ರೋಗ್ರಾಮು ಬರೆದು, ಬೇಕಾದವರು ಬಳಸಲಿ ಎಂದು ಬಿಟ್ಟಿಯಾಗಿ ಕೊಡಬೇಕೆಂಬುದು ನನ್ನ ಹಟ. ಸುದ್ದಗುಂಟೆಪಾಳ್ಯದ ಮನೆಯ ಮಹಡಿಯಲ್ಲಿ ಕೂತು, ಹಳೇ ಸಾಫ್ಟ್‌ವೇರು ಅದಕ್ಕೆ ಕಳಿಸುತ್ತಿದ್ದ ಆಜ್ಞೆಗಳನ್ನು ಕದ್ದು ನೋಡಿ, ಒಂದೊಂದಾಗಿ ನಾನೂ ಕಳಿಸುತ್ತಿದ್ದೆ. ತಪ್ಪಿದರೆ ಒಳಗಿನ ಮೋಟಾರು ತುದಿಗೆ ಹೋಗಿ ಧಡಧಡ ಗುದ್ದುತ್ತಿತ್ತು. ಅದಕ್ಕೆ ನಾನೂ ಎರಡು ಗುದ್ದುತ್ತಿದ್ದೆ.

ಸೋದರಮಾವ ತೀರಿಕೊಂಡ ಮೇಲೆ ಅತ್ತೆ ಅವರ ನೆಗೆಟಿವ್‌ಗಳ ಡಬ್ಬಿಯನ್ನು ನನಗೆ ಕೊಟ್ಟರು. ಅದರಲ್ಲಿ ನಮ್ಮ ಹೊಲ ಭಾಗವಾದ ದಿನದ ಚಿತ್ರಗಳಿದ್ದವು. ಗಡಿಕಲ್ಲುಗಳ ಫೋಟೊ ತೆಗೆಯಲೆಂದು ಮಾವ ಅವತ್ತು ಕ್ಯಾಮೆರಾ ತಂದಿದ್ದರು. ಅಪ್ಪನೂ ಚಿಕ್ಕಪ್ಪನೂ ದೊಣ್ಣೆ ಹಿಡಿದು ಹೊಡೆದಾಡಿದ್ದರು. ಬಿಡಿಸಲು ನುಗ್ಗಿದ ಅವರಮ್ಮ, ನಮ್ಮ ಅಜ್ಜಿಯ ತಲೆ ಒಡೆದು ಅಲ್ಲೇ ಪ್ರಾಣ ಹೋಗಿತ್ತು. ಕಲ್ಲಿನ ಮೇಲೆ ಬಿದ್ದಳೆಂದು ಪೊಲೀಸರಿಗೆ ಹೇಳಿ ಊರವರು ಮುಚ್ಚಿಹಾಕಿದರು. ಮಾವನೂ ಆ ಚಿತ್ರಗಳನ್ನು ಯಾರಿಗೂ ತೋರಿಸಿರಲಿಲ್ಲ. ತಮ್ಮನೇ ಕೊಂದ ಎಂದು ಅಪ್ಪ, ಅಣ್ಣನೇ ಕೊಂದ ಎಂದು ಬೇಗೂರು ಸೇರಿಕೊಂಡ ಚಿಕ್ಕಪ್ಪ. ನನ್ನಣ್ಣನೂ ನಾನೂ ಬೆಳೆದದ್ದು ಅಪ್ಪನ ಮಾತು ಕೇಳುತ್ತ.

ಒಂದು ಭಾನುವಾರ ಬೆಳಿಗ್ಗೆ ಡ್ರೈವರ್ ಮೊದಲ ಸಲ ಆ ನೆಗೆಟಿವ್‌ಗಳಲ್ಲೊಂದರ ಇಡೀ ಚಿತ್ರ ಕೊಟ್ಟಿತು. ಅಜ್ಜಿ ಮಂಡಿಯೂರಿ ಕುಸಿಯುತ್ತಿದ್ದಾಳೆ. ಎದುರಿಗೆ ನಮಗೆ ಬೆನ್ನು ಮಾಡಿದ ಒಬ್ಬ ಗಂಡಸು, ತಲೆಗೆ ಟವಲ್ಲು. ಎತ್ತಿದ ಎಡಗೈಯಲ್ಲಿ ದೊಣ್ಣೆ. ಅಪ್ಪ ಬಲಗೈಯವನು. ಚಿಕ್ಕಪ್ಪ ಎಡಚ.

ನನ್ನ ಬೆನ್ನ ಹಿಂದೆ ನಿಂತಿದ್ದ ಅಣ್ಣನ ಮುಖ ಕಪ್ಪಿಟ್ಟಿತು. "ಎಡಗೈ ನೋಡೋ. ಅಪ್ಪ ಇಷ್ಟು ವರ್ಷ ಬಾಯಿ ಬಡ್ಕೊಂಡಿದ್ದು ಇದನ್ನೇ ತಾನೆ? ಇವತ್ತು ಆ ಕೈ ಇರಲ್ಲ," ಎಂದವನೇ ಮಗನ ಕ್ರಿಕೆಟ್ ಬ್ಯಾಟು ತೆಗೆದುಕೊಂಡು ಬೈಕ್ ಹತ್ತಿದ. ನನ್ನ ರಕ್ತವೂ ಕುದಿಯುತ್ತಿತ್ತು. "ಬಿಡಬೇಡ ಅವನ್ನ," ಎಂದು ಮೆಟ್ಟಿಲಿನಿಂದ ಕೂಗಿದೆ.

ಮತ್ತೆ ಬಂದು ಪರದೆ ಮುಂದೆ ಕೂತೆ. ಸುತ್ತ ನಿಂತು ನೋಡುತ್ತಿದ್ದ ಗಂಡಸರ ಅಂಗಿಗಳು ಆಗ ಕಣ್ಣಿಗೆ ಬಿದ್ದವು. ಎಲ್ಲರ ಜೇಬೂ ಬಲ ಎದೆಯ ಮೇಲೆ. ಗಂಡಸರ ಅಂಗಿಗೆ ಜೇಬು ಹೊಲಿಯುವುದು ಎಡಕ್ಕಲ್ಲವೇ? ಆ ಸ್ಕ್ಯಾನರು ಪ್ರತಿ ಗೆರೆಯನ್ನೂ ಎಡಬಲ ಅದಲುಬದಲಾಗಿ ಕಳಿಸುತ್ತದೆ. ಕಂಪನಿಯ ಸಾಫ್ಟ್‌ವೇರು ಅದನ್ನು ತಿರುಗಿಸಿಕೊಳ್ಳುತ್ತಿತ್ತು, ನನ್ನ ಡ್ರೈವರ್ ತಿರುಗಿಸಿರಲಿಲ್ಲ. ಅಲ್ಲಿಯವರೆಗೆ ಪರೀಕ್ಷೆಗೆ ಹಾಕಿದ್ದ ತುಂಡು ಫಿಲ್ಮುಗಳಲ್ಲಿ ಬರೀ ಆಕಾಶ, ಮರ. ಅವು ತಿರುಗಿ ಬಂದರೂ ಯಾರಿಗೆ ಗೊತ್ತಾಗಬೇಕು? ದೊಣ್ಣೆ ಇದ್ದದ್ದು ಬಲಗೈಯಲ್ಲಿ.

ಅಣ್ಣ ಫೋನ್ ಎತ್ತಲಿಲ್ಲ. ಸ್ಕೂಟರ್ ಹತ್ತಿ ಬೇಗೂರಿನತ್ತ ಓಡಿಸಿದೆ. ಬೊಮ್ಮನಹಳ್ಳಿ ಸಿಗ್ನಲ್ಲಿನಲ್ಲಿ ಸಿಕ್ಕಿಕೊಂಡು ಎಲ್ಲರನ್ನೂ ಬಾಯಿಗೆ ಬಂದಂತೆ ಬೈದೆ.

ನಾನು ಮುಟ್ಟುವಷ್ಟರಲ್ಲಿ ಚಿಕ್ಕಪ್ಪ ಅಂಗಳದಲ್ಲಿ ಬಿದ್ದಿದ್ದರು. ಎಡಗೈ ಮಣಿಕಟ್ಟಿನಲ್ಲಿ ಮುರಿದು ಜೋತಾಡುತ್ತಿತ್ತು. ಬಾಯಲ್ಲಿ ರಕ್ತ. ಚಿಕ್ಕಮ್ಮ ಅಣ್ಣನ ಕಾಲು ತಬ್ಬಿಕೊಂಡು ಅಳುತ್ತಿದ್ದರೂ ಅವನು ಮತ್ತೆ ಬ್ಯಾಟು ಎತ್ತಿದ್ದ. ಕುತ್ತಿಗೆಪಟ್ಟಿ ಹಿಡಿದು ಅವನನ್ನು ಗೋಡೆಗೆ ಅಪ್ಪಳಿಸಿದೆ.

"ಫೋಟೊ ಉಲ್ಟಾ ಬಂದಿತ್ತು ಕಣೋ. ನನ್ನ ಡ್ರೈವರ್ ತಪ್ಪು. ಅದು ಬಲಗೈ."

ಅಣ್ಣ ಬ್ಯಾಟು ಬಿಟ್ಟ. ಚಿಕ್ಕಪ್ಪ ರಕ್ತ ಉಗಿದು, "ನಾನಲ್ಲ ಅಂತ ಅವತ್ತಿಂದ ಹೇಳ್ತಾನೇ ಇದ್ದೀನಿ. ಯಾವನ್ ಕೇಳ್ದ?" ಎಂದರು.

ಅವರನ್ನು ಆಸ್ಪತ್ರೆಗೆ ಸೇರಿಸಿ ಸಂಜೆ ಮನೆಗೆ ಬಂದಾಗ ಅಪ್ಪ ಮಹಡಿಯಲ್ಲಿ ಆ ಚಿತ್ರದ ಮುಂದೆಯೇ ಕೂತಿದ್ದ. ನಾನು ಡ್ರೈವರಿನಲ್ಲಿ ಒಂದು ಸಾಲು ಬದಲಾಯಿಸಿ ಮತ್ತೆ ಸ್ಕ್ಯಾನ್ ಮಾಡಿದೆ. ಜೇಬುಗಳು ಎಡ ಎದೆಗೆ ಬಂದವು, ದೊಣ್ಣೆ ಬಲಗೈಗೆ ಹೋಯಿತು. ಅಪ್ಪ ಬಹಳ ಹೊತ್ತು ನೋಡಿದ.

"ಮೊದ್ಲಿದ್ದಂಗೇ ಇರ್ಲಿ ಬುಡ್ಲಾ," ಎಂದ.

ಚಿಕ್ಕಪ್ಪನ ರಕ್ತ ಮೆತ್ತಿದ ಅಂಗಿಯಲ್ಲೇ ಅಣ್ಣ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದ. ಒಳಗೆ ಬಂದು ಅಪ್ಪನ ಕೆನ್ನೆಗೆ ಹೊಡೆದ. ಅಪ್ಪ ಕುರ್ಚಿ ಸಮೇತ ಉರುಳಿದ. ಅಣ್ಣ ಮತ್ತೆ ಕೈ ಎತ್ತಿದ. ತಡೆಯುವಷ್ಟು ಹತ್ತಿರದಲ್ಲೇ ನಾನಿದ್ದೆ. ತಡೆಯಲಿಲ್ಲ.