ತಾರಸಿಯ ಪೈಪಿನಲ್ಲಿ ಒಂದು ಹಿಡಿ ಅಕ್ಷತೆ

ಹೋದ ವಾರ ಕುಂಬಾರಕೊಪ್ಪಲಿನ ನಮ್ಮ ಮನೆಯ ಹಳೆಯ ವೈರುಗಳನ್ನು ಬದಲಾಯಿಸಲು ಒಬ್ಬ ಎಲೆಕ್ಟ್ರಿಷಿಯನ್ ಬಂದಿದ್ದ. ನಡುಮನೆಯ ಮೇನ್ ಬೋರ್ಡಿನ ಮುಚ್ಚಳ ತೆಗೆದು, ಮೇಲಿನ ಪೈಪಿನಿಂದ ಮೊದಲ ವೈರನ್ನು ಹೊರಗೆಳೆದ. ಅದರ ಜೊತೆ ಚಿಟಿಕೆಯಷ್ಟು ಬಿಳಿ ಪುಡಿ ಉದುರಿತು. ಮುಖಕ್ಕೆ ಹಚ್ಚುವ ಪೌಡರು. ಮಲ್ಲಿಗೆಯ ವಾಸನೆ ಬಂತು... ಬಂತೆಂದು ಬರೆದುಬಿಟ್ಟೆ. ಮೂವತ್ತು ವರ್ಷ ಪೈಪಿನೊಳಗೆ ವಾಸನೆ ಉಳಿಯುತ್ತದೆಯೇ? ಪುಡಿಯನ್ನು ಕಂಡು ವಾಸನೆಯನ್ನು ನಾನೇ ಸೇರಿಸಿಕೊಂಡಿರಬಹುದು. ಇತಿಹಾಸ ಓದಿದವಳು ನಾನು. ಯಾವ ಸಾಕ್ಷಿಯನ್ನೂ ಸುಮ್ಮನೆ ನಂಬಬಾರದೆಂದು ಕಲಿತವಳು. ಆದರೂ ಒಂದು ಗಳಿಗೆ, ಗೋಡೆಗಳು ಇನ್ನೂ ಸುಣ್ಣ ಕಾಣದ, ಕಿಟಕಿಗೆ ಬಾಗಿಲಿಲ್ಲದ ಆ ಮನೆಯಲ್ಲೇ ನಿಂತ ಹಾಗಾಯಿತು.

ಆಗ ಈ ಮನೆಗೆ ವೈರು ಎಳೆದವರು ನಮಗೆಲ್ಲ ವೈರಿಂಗ್‌ನವರು. ಅಜ್ಜಿಗೆ ಮಾತ್ರ ಕರೆಂಟಪ್ಪ. ಹಿನಕಲ್‌ನಿಂದ ಸೈಕಲ್ಲಿನಲ್ಲಿ ಬರುತ್ತಿದ್ದರು. ಅದರ ಬಾರಿಗೆ ಕಟ್ಟಿದ ಪೈಪುಗಳು ಮುಂದಕ್ಕೂ ಹಿಂದಕ್ಕೂ ಚಾಚಿಕೊಂಡು, ತಿರುವಿನಲ್ಲಿ ಜನ ದಾರಿ ಬಿಡಬೇಕಾಗುತ್ತಿತ್ತು. ಅಪ್ಪ ಆಫೀಸಿಗೆ ಹೋದಮೇಲೆ ಮನೆ ಕೆಲಸ ನೋಡಿಕೊಳ್ಳುವುದು ಎಂ.ಎ. ಓದುತ್ತಿದ್ದ ನನ್ನ ಪಾಲಿಗೆ ಬಿದ್ದಿತ್ತು. ನೋಡಿಕೊಳ್ಳುವುದೆಂದರೆ ಇಟ್ಟಿಗೆ ರಾಶಿಯ ಮೇಲೆ ಕೂತು ಪುಸ್ತಕ ಓದುವುದು. ಅವರು ವೈರನ್ನು ಪೈಪಿಗೆ ಸೇರಿಸುವ ಮೊದಲು ಅಂಗೈಗೆ ಪೌಡರು ಸುರಿದುಕೊಂಡು, ಮಗುವಿಗೆ ಸವರಿದ ಹಾಗೆ ಉದ್ದಕ್ಕೂ ಸವರುತ್ತಿದ್ದರು.

"ಏನ್ರೀ ಇದು, ವೈರಿಗೆ ಮದುವೆನಾ?" ಎಂದು ಒಮ್ಮೆ ಕೇಳಿದ್ದೆ.

"ಊಂ ಕಣವ್ವ, ಬೀಗರ ಮನೆಗ್ ಓಗ್ಬೇಕಲ್ಲ. ಇಂಗ್ ಸಿಂಗಾರ ಮಾಡುದ್ರೆ ತಕರಾರಿಲ್ದೆ ಓಯ್ತದೆ."

ಅವರಿಗೆ ಕೆಲವು ಕಟ್ಟುನಿಟ್ಟುಗಳಿದ್ದವು. ಪೈಪಿನೊಳಗೆ ವೈರಿಗೆ ಜೋಡಣೆ ಇರಕೂಡದು. ಜೋಡಿಸುವುದೇನಿದ್ದರೂ ಮುಚ್ಚಳ ತೆಗೆದರೆ ಕಣ್ಣಿಗೆ ಕಾಣುವ ಡಬ್ಬಿಯಲ್ಲಿ. ಪೈಪಿನ ಅರ್ಧಕ್ಕಿಂತ ಹೆಚ್ಚು ತುಂಬಬಾರದು, ಬಿಸಿಯಾದ ವೈರಿಗೆ ಗಾಳಿ ಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಪೈಪು ಬಂದು ಬೋರ್ಡಿನ ತಗಡಿನ ಪೆಟ್ಟಿಗೆಯನ್ನು ಸೇರುವ ಜಾಗ. ಅಲ್ಲಿ ಅವರು ಅರದಿಂದ ಉಜ್ಜಿ ಉಜ್ಜಿ, ಅಂಚಿನ ಸುತ್ತ ಬೆರಳಾಡಿಸಿ, ವೈರಿಗೆ ತಗಡು ತಾಗದಂತೆ ಬುಷ್ ಎಂಬ ನುಣುಪು ಬಳೆ ಕೂರಿಸಿ, ಮತ್ತೆ ಬೆರಳಾಡಿಸುತ್ತಿದ್ದರು. "ನನ್ ಬೆರಳ್ಗೆ ಚುಚ್ಚುದ್ರೆ ವೈರಿಗೂ ಚುಚ್ತದೆ. ನಾನಾದ್ರೆ ಅಯ್ಯೋ ಅಂತೀನಿ, ಅದು ಅನ್ನಲ್ಲ." ವೈರು ಬಾರದ ತೂತುಗಳನ್ನೆಲ್ಲ ಮುಚ್ಚುತ್ತಿದ್ದರು. ಅದಕ್ಕೂ ಒಂದು ಮಾತಿತ್ತು. ಹಲ್ಲಿ ನುಗ್ಗಿದರೆ ಮನೆಗೂ ಕತ್ತಲೆ, ಹಲ್ಲಿಗೂ ಕತ್ತಲೆ.

ಆಗ ನಮ್ಮ ಸಾಲಿನಲ್ಲಿ ಇನ್ನೂ ಐದು ಸೈಟುಗಳು ಖಾಲಿ ಇದ್ದವು. ಎಲ್ಲರೂ ಅಪ್ಪನ ಆಫೀಸಿನವರೇ, ಎಲ್ಲರೂ ನಮ್ಮ ಮನೆಯ ಕೆಲಸ ಹೇಗಾಗುತ್ತದೆಂದು ನೋಡುತ್ತಿದ್ದರು. ಇದು ಚೆನ್ನಾಗಿ ಆದರೆ ಆ ಐದೂ ಮನೆಗಳ ವೈರಿಂಗು ಅವರಿಗೇ ಎಂದು ಅಪ್ಪ ಮಾತು ಕೊಟ್ಟಿದ್ದರು. ಅಂಗಡಿ, ಬೋರ್ಡು ಏನೂ ಇಲ್ಲದ ಮನುಷ್ಯ. ಒಂದು ಮನೆ ನೋಡಿ ಇನ್ನೊಂದು ಮನೆಯವರು ಕರೆದರೆ ಕೆಲಸ. "ಈ ಸಾಲೊಂದ್ ಸಿಕ್ಬುಟ್ರೆ ಎರಡ್ ವರ್ಸ ಬೇರೆ ಕಡೆ ಸೈಕಲ್ ತುಳಿಯೋದು ಬ್ಯಾಡ ಕಣವ್ವ," ಎಂದು ಅವರು ಖಾಲಿ ಸೈಟುಗಳ ಕಡೆ ನೋಡುತ್ತ ಹೇಳಿದ್ದು ನೆನಪಿದೆ.

ತಾರಸಿಗೆ ಕಾಂಕ್ರೀಟು ಸುರಿಯುವುದನ್ನು ನಮ್ಮ ಕಡೆ ಮೋಲ್ಡ್ ಹಾಕುವುದು ಎನ್ನುತ್ತಾರೆ. ಆ ದಿನ ಬೆಳಿಗ್ಗೆ ಕಂಬಿಗಳ ನಡುವೆ ಅವರ ಪೈಪುಗಳು ಮಲಗಿದ್ದವು. ಈಶಾನ್ಯದ ಮೂಲೆಯಲ್ಲಿ ಒಂದು ಪೈಪು ಮಾತ್ರ, ಮುಂದೆ ಕಟ್ಟುವ ಮಹಡಿಗೆಂದು, ಮೇಲಕ್ಕೆ ಬಾಯಿ ಮಾಡಿ ನಿಂತಿತ್ತು. ಎಲ್ಲ ಬಾಯಿಗಳಿಗೂ ಸಿಮೆಂಟು ಚೀಲದ ಕಾಗದ ತುರುಕಿದ್ದರು. ಪೂಜೆಯಾಯಿತು. ಹಾಲಿನಲ್ಲಿ ನೆನೆಸಿದ ಅಕ್ಷತೆಯನ್ನು ಈಶಾನ್ಯಕ್ಕೆ ಹಾಕಬೇಕು. ಕಂಬಿಗಳ ಮೇಲೆ ಚೆಲ್ಲಿದರೆ ಕೆಲಸದವರ ಕಾಲಡಿಗೆ ಸಿಗುತ್ತದೆ. ದೇವರ ಅಕ್ಕಿ ಭದ್ರವಾಗಿ ಇರಲೆಂದು ಪೈಪಿನ ಕಾಗದ ಕಿತ್ತು, ಒಂದು ಹಿಡಿ ಒಳಗೆ ಸುರಿದು, ಕಾಗದವನ್ನು ಹಾಗೇ ಮೇಲೆ ಇಟ್ಟದ್ದಾಯಿತು. ಸುರಿದದ್ದು ಅಜ್ಜಿ. ಹಾಗೆಂದೇ ಇಷ್ಟು ವರ್ಷ ನನ್ನ ನೆನಪು.

ತಿಂಗಳ ಮೇಲೆ ವೈರಿಂಗ್‌ನವರು ಬೋರ್ಡಿನ ಕಡೆಯಿಂದ ಆ ಪೈಪಿಗೆ, ವೈರು ಎಳೆಯುವ ಉಕ್ಕಿನ ತಂತಿ ತಳ್ಳಿದರು. ಎರಡು ಮಾರು ಹೋಗಿ ನಿಂತಿತು. ತಾರಸಿಗೆ ಹತ್ತಿ ಮೇಲಿನಿಂದ ತಳ್ಳಿದರು, ಅಲ್ಲೂ ನಿಂತಿತು. ಸಂಜೆ ಅಪ್ಪ ಪಕ್ಕದ ಸೈಟಿನವರನ್ನು ಕರೆದುಕೊಂಡು ಬಂದಾಗಲೂ ಅವರು ಏಣಿಯ ಮೇಲೇ ಇದ್ದರು.

"ಏನ್ರೀ, ಪೈಪ್ ಮುಚ್ಚೋಗಿದೆಯಾ? ನೀವಲ್ವೇನ್ರೀ ನೋಡ್ಕೋಬೇಕಾದ್ದು?" ಎಂದರು ಅಪ್ಪ. ಪಕ್ಕದ ಸೈಟಿನವರು ತಲೆ ಎತ್ತಿ ನೋಡಿದರು.

ಮರುದಿನ ವೈರಿಂಗ್‌ನವರು ಉಳಿ ಸುತ್ತಿಗೆ ಹಿಡಿದು ಹೊಸ ತಾರಸಿಯ ಅಡಿಭಾಗ ಒಡೆದರು. ಪೈಪು ಬಾಗುವ ಜಾಗದಲ್ಲಿ, ಕಾಗದದ ಸಂದಿಯಿಂದ ಇಳಿದ ಸಿಮೆಂಟು ನೀರಿನ ಜೊತೆ ಗಟ್ಟಿಯಾಗಿ ಕೂತಿತ್ತು ಹಳದಿ ಅಕ್ಕಿಯ ಉಂಡೆ. ಅದನ್ನು ಅಂಗೈಯಲ್ಲಿಟ್ಟುಕೊಂಡು ಏಣಿ ಇಳಿದರು. ಒಂದು ಕಾಳನ್ನು ಉಗುರಿನಿಂದ ಕೆದಕಿದರು.

"ಅಜ್ಜಿ ಕೆಲ್ಸ ಇರ್ಬೇಕು, ಅಲ್ವೇನವ್ವ?"

ನಾನು ಹೌದೆಂದು ತಲೆಯಾಡಿಸಿದೆ.

"ಯೋಳ್ಬ್ಯಾಡ ಬುಡು. ಗೃಹಪ್ರವೇಸಕ್ ಮುಂಚೆ ಮೋಲ್ಡ್ ಒಡುದ್ರು, ಅದೂ ದೇವ್ರಕ್ಕಿಯಿಂದ ಅಂದ್ರೆ ಆ ಮುದ್ಕಿ ಅಪಸಕುನ ಅಂತ ಮನಸಿಗ್ ಅಚ್ಕೊಂಬುಡ್ತದೆ."

ಸಂಜೆ ಅಪ್ಪನ ಮುಂದೆ ತಲೆ ತಗ್ಗಿಸಿ ನಿಂತು, "ನಂದೇ ತೆಪ್ಪು ಸಾ. ಬಾಯಿ ಸರ್ಯಾಗ್ ಮುಚ್ಚಿರ್ನಿಲ್ಲ," ಎಂದರು. ನಾನು ಅಲ್ಲೇ ಇದ್ದೆ. ಕೈಯಲ್ಲಿ ಪುಸ್ತಕವಿತ್ತು.

ನಮ್ಮ ಮನೆಯ ಕೆಲಸವನ್ನು ಅವರು ಅಚ್ಚುಕಟ್ಟಾಗಿ ಮುಗಿಸಿಕೊಟ್ಟರು. ಆ ಐದು ಮನೆಗಳಿಗೆ ಬೇರೆಯವರು ಬಂದರು. ಆಮೇಲೆ ಒಂದೆರಡು ಸಲ ಅವರು ನಮ್ಮ ರಸ್ತೆಯಲ್ಲಿ, ಪೈಪುಗಳ ಜೊತೆ, ಇನ್ನೆಲ್ಲಿಗೋ ಹೋಗುವುದನ್ನು ಕಂಡೆ. ನಮ್ಮ ಸಾಲಿನ ಕಡೆ ನೋಡುತ್ತಿರಲಿಲ್ಲ. ನೋಡುತ್ತಿದ್ದರೋ ಏನೋ, ನಾನೇ ಬಾಗಿಲಿಂದ ಒಳಗೆ ಸರಿಯುತ್ತಿದ್ದೆ...

ಪೌಡರು ಉದುರಿದ ರಾತ್ರಿ ಇದನ್ನೆಲ್ಲ ದಿನಚರಿಯಲ್ಲಿ ಬರೆಯುತ್ತ ಒಂದು ಸಾಲಿನಲ್ಲಿ ನಿಂತುಬಿಟ್ಟೆ. ಅಕ್ಷತೆ ತಣ್ಣಗಿತ್ತು, ಹಾಲು ಬೆರಳ ಸಂದಿಯಿಂದ ಮೊಣಕೈವರೆಗೆ ಇಳಿಯಿತು, ಎಂದು ಬರೆದಿದ್ದೆ. ಸುರಿದದ್ದು ಅಜ್ಜಿಯಾದರೆ ಹಾಲು ಇಳಿದದ್ದು ನನ್ನ ಮೊಣಕೈಗೆ ಹೇಗೆ? ಮಂಡಿನೋವಿನ ಅಜ್ಜಿ ಆ ಬಿದಿರಿನ ಏಣಿ ಹತ್ತಿದ್ದಾದರೂ ಹೇಗೆ? ಕೆಳಗೆ ನಿಂತು "ಮೂಲೇಗ್ ಹಾಕಮ್ಮ, ತುಳೀದಂಗೆ ನೋಡ್ಕೊ" ಎಂದು ಕೂಗಿದ್ದು ಅಜ್ಜಿ. ಹತ್ತಿದ್ದು ನಾನು, ಕಾಗದ ಕಿತ್ತಿದ್ದು ನಾನು. ಅವರು ಊಹಿಸಿ ಆಡಿದ ಒಂದು ಮಾತಿಗೆ ತಲೆಯಾಡಿಸಿ, ಆ ಮಾತನ್ನೇ ನನ್ನ ನೆನಪು ಮಾಡಿಕೊಂಡಿದ್ದೆ. ಅಜ್ಜಿ ತೀರಿಕೊಂಡು ಬಹಳ ವರ್ಷವಾಯಿತು. ಅಲ್ಲವೆನ್ನಲು ಯಾರೂ ಇರಲಿಲ್ಲ.

ಮರುದಿನ ಹಿನಕಲ್‌ಗೆ ಹೋದೆ. ಊರೆಂದು ಗುರುತು ಹಿಡಿಯುವುದೇ ಕಷ್ಟ. ಒಂದು ಎಲೆಕ್ಟ್ರಿಕಲ್ ಅಂಗಡಿಯ ಹಿರಿಯರನ್ನು ಕೇಳಿದೆ. ವೈರಿಂಗ್‌ನವರು, ಕರೆಂಟಪ್ಪ ಎಂದರೆ ಗುರುತು ಸಿಗಲಿಲ್ಲ. ವೈರಿಗೆ ಪೌಡರು ಹಚ್ಚುತ್ತಿದ್ದರು ಎಂದಮೇಲೆ ಅವರ ಮುಖ ಅರಳಿತು.

"ಓ, ಅವ್ರಾ! ತೀರ್ಕೊಂಬುಟ್ರಲ್ಲಮ್ಮ, ಸುಮಾರ್ ವರ್ಸ ಆಯ್ತು. ಏನಾದ್ರೂ ಕೆಲ್ಸ ಇತ್ತಾ?"

ನೋಡಬೇಕಿತ್ತು ಎಂದಷ್ಟೇ ಹೇಳಿ ಹೊರಟೆ.

ನಿನ್ನೆ ಎಲೆಕ್ಟ್ರಿಷಿಯನ್ ಮತ್ತೆ ಬಂದ. ಏಣಿ ಹತ್ತಿದವನು ನಡುಮನೆಯ ಸೂರಿನಲ್ಲಿದ್ದ ತೇಪೆಯನ್ನು ಸ್ಕ್ರೂಡ್ರೈವರಿನಿಂದ ತಟ್ಟಿದ. "ಯಾರ್ ಮೇಡಂ ಇಲ್ಲಿ ಒಡ್ದಿರೋದು? ಪೈಪ್ ಬ್ಲಾಕ್ ಮಾಡ್ಕೊಂಡಿದಾನೆ. ಕೆಲ್ಸ ಗೊತ್ತಿಲ್ದೋನು ಕಣ್ರೀ."

"ಅವರಿಗೆ ಕೆಲಸ ಚೆನ್ನಾಗಿ ಗೊತ್ತಿತ್ತು," ಎಂದೆ. "ಪೈಪಿಗೆ ಅಕ್ಕಿ ಸುರಿದವಳು ನಾನು. ತಪ್ಪು ಅವರ ತಲೆಗೆ ಬಂತು." ಮೂವತ್ತು ವರ್ಷದಲ್ಲಿ ಅದೇ ಮೊದಲ ಸಲ ಬಾಯಿಬಿಟ್ಟು ಹೇಳಿದ್ದು. ನನ್ನ ದನಿ ನನಗೇ ಜೋರಾಗಿ ಕೇಳಿಸಿತು.

ಅವನು ಏಣಿಯ ಮೇಲಿಂದಲೇ ನನ್ನತ್ತ ಬಗ್ಗಿ ನೋಡಿದ. "ಅಕ್ಕಿನಾ?" ಎಂದು ನಗಲು ಹೋದವನು ನಗಲಿಲ್ಲ.

"ಅವ್ರಿಗ್ ಹೇಳುದ್ರಾ ಮೇಡಂ?"

"ಇಲ್ಲ," ಎಂದೆ.