ಮರದ ಪಾಲಿನ ಬೂತಾಯಿ

ಮೆಲ್ಕಾರಿನ ಮನೆಗಳಿಗೆ ಸೇಸಮ್ಮ ಬುಟ್ಟಿ ಹೊತ್ತು ಮೀನು ಮಾರಲು ತೊಡಗಿ ಹದಿನೆಂಟು ವರ್ಷವಾಗಿತ್ತು. ನಿವೃತ್ತ ಮಾಷ್ಟ್ರು ರುಕ್ಮಯ್ಯನವರ ಮನೆಯ ಕಟ್ಟಳೆ ಅವಳಿಗೆ ಬಾಯಿಪಾಠ. ದುಬಾರಿ ಮೀನು ಅಂಜಲ್ ಇದ್ದರೆ ಬುಟ್ಟಿ ಮುಂದಿನ ಜಗಲಿಯ ಎದುರು ಇಳಿಯಬೇಕು. ಬೂತಾಯಿಯಾದರೆ ಹಿತ್ತಲಿಗೆ ಹೋಗಿ ತೆಂಗಿನ ಬುಡಕ್ಕೆ ಸುರಿಯಬೇಕು. ಅಗ್ಗದ ಮೀನು, ಒಳ್ಳೆಯ ಗೊಬ್ಬರ. ಮಾಷ್ಟ್ರು ಜಗಲಿಯಿಂದಲೇ "ಮರಕ್ಕೆ" ಅನ್ನುತ್ತಿದ್ದರು. ಸೇಸಮ್ಮನ ಮಕ್ಕಳು ಬೆಳೆದದ್ದು ಅದೇ ಬೂತಾಯಿ ತಿಂದು. ಆ ಮಾತು ಕೇಳಿದಾಗಲೆಲ್ಲ ಅವಳಿಗೆ ಅವಮಾನವಾಗುತ್ತಿತ್ತು. ಆದರೆ ಮಾರುವವಳು ಮುಖ ಊದಿಸಿಕೊಂಡು ನಿಂತರೆ ಮೀನು ಕಾಯುತ್ತದೆಯೇ?

೧೯೮೬ರಲ್ಲಿ ಮಾಷ್ಟ್ರಿಗೆ ಎದೆನೋವು ಬಂದು ಹತ್ತು ದಿನ ಆಸ್ಪತ್ರೆಯಲ್ಲಿ ಮಲಗಿದರು. ಮರಳಿದ ಮೇಲೆ ಅಂಜಲ್ ನಿಂತಿತು. ವಾರಕ್ಕೆ ಮೂರು ಸಲ ಬೂತಾಯಿ, ಅದೂ ಬರೀ ಇಪ್ಪತ್ತು ಮೀನು. "ಮರಕ್ಕೆ" ಎಂಬ ಮಾತು ಮಾತ್ರ ಬದಲಾಗಲಿಲ್ಲ. ಹಿತ್ತಲಲ್ಲಿ ಅವರ ಹೆಂಡತಿ ವಾರಿಜಾಕ್ಷಿ ಪಾತ್ರೆ ಹಿಡಿದು ನಿಂತಿರುತ್ತಿದ್ದರು. ಮರಕ್ಕೆ ತಾನೇ ಎಂದು ಸೇಸಮ್ಮ ಒಂದು ದಿನ ಬುಟ್ಟಿಯ ತಳದ, ಹಳತಾಗಿ ಮೆತ್ತಗಾದ ಮೀನನ್ನೇ ಹಾಕಿದಳು.

ಒಂದು ಬೆಳಿಗ್ಗೆ ವಾರಿಜಾಕ್ಷಿ ಬಾವಿಕಟ್ಟೆಯ ಬಳಿ ಅವಳನ್ನು ತಡೆದರು. "ಮೊನ್ನೆಯದ್ದು ಹಾಳಾಗಿತ್ತು ಸೇಸಮ್ಮ. ಎರಡು ದಿನ ವಾಂತಿ."

"ಯಾರಿಗಕ್ಕ? ಮರಕ್ಕಾ?"

"ಅವರಿಗೆ. ಬೂತಾಯಿಯದ್ದು ಹೆಪ್ಪುಗಟ್ಟದ ಕೊಬ್ಬಂತೆ, ಎದೆಗೆ ಒಳ್ಳೆಯದು, ಸಾರು ಮಾಡಿ ತಿನ್ನಿ ಅಂತ ಡಾಕ್ಟ್ರು ಹೇಳಿದ್ದಾರೆ. ಹೇಳಿಕೊಳ್ಳಲಿಕ್ಕೆ ಇವರಿಗೆ ನಾಚಿಕೆ."

ಸೇಸಮ್ಮ ಬುಟ್ಟಿಯನ್ನು ಬಾವಿಕಟ್ಟೆಯ ಮೇಲಿಟ್ಟಳು. ಮನುಷ್ಯ ಸತ್ತಿದ್ದರೆ ಪಾಪ ಯಾರ ತಲೆಗೆ? ಹೆದರಿಕೆ ಇಳಿದ ಮೇಲೆ ಸಿಟ್ಟು ಬಂತು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ಇಲ್ಲಿ ಮದ್ದೇ ಆದ ಮೇಲೂ ಮೀನು ಹಿತ್ತಲಲ್ಲೇ ಉಳಿದಿತ್ತು.

ಮರುದಿನ ಅವಳು ಹಿತ್ತಲಿಗೆ ಹೋಗಲಿಲ್ಲ. ಜಗಲಿಯ ಎದುರು ನಿಂತಳು.

"ಮರಕ್ಕೆ ಇಪ್ಪತ್ತು," ಅಂದರು ಮಾಷ್ಟ್ರು.

"ಮರದ್ದು ಇವತ್ತು ಇಲ್ಲ ಮಾಷ್ಟ್ರೇ. ತಿನ್ನುವವರದ್ದು ಮಾತ್ರ ಉಂಟು."

ಮಾಷ್ಟ್ರು ಪೇಪರು ಮಡಚಿದರು, ಮತ್ತೆ ಬಿಡಿಸಿದರು. ಗೇಟಿನ ಆಚೆ ಬಸ್ಸು ಕಾಯುವ ಇಬ್ಬರು ಇತ್ತಲೇ ನೋಡುತ್ತಿದ್ದರು. ಸೇಸಮ್ಮ ಬುಟ್ಟಿ ಇಳಿಸಲಿಲ್ಲ.

"ನನಗೇ," ಅಂದರು ಕೊನೆಗೆ. "ನನಗೇ ತಿನ್ನಲಿಕ್ಕೆ."

ಬುಟ್ಟಿ ಜಗಲಿಯ ಎದುರು ಇಳಿಯಿತು. ಅವಳು ಒಂದು ಮೀನಿನ ಕಿವಿರು ಬಿಡಿಸಿ ತಾಜಾ ಕೆಂಪು ತೋರಿಸಿದಳು. ಇಪ್ಪತ್ತು ಎಣಿಸಿ, ಮೇಲೆ ಒಂದು ಹೆಚ್ಚು ಹಾಕಿದಳು.

"ಅದು ಮರಕ್ಕೆ," ಅಂದಳು.